ಗೆಳೆಯನಿಗೆ ಸೂತಕವಿಲ್ಲ
(ಬಾನುಲಿ ಭಾಷಣ)



ನಮ್ಮ ಕಡೆ ಉತ್ತರಕ್ರಿಯೆಯ ಸಮಯದಲ್ಲಿ ಪಿಂಡವನ್ನಿಟ್ಟು ಕಾಗೆಗಾಗಿ ಕಾಯುವ ಪದ್ಧತಿಯನ್ನು ತಾವೆಲ್ಲರೂ ಬಲ್ಲಿರಿ. ಕಾಗೆ ಬೇಗ ಬಂದರೆ ಎಲ್ಲರಿಗೂ ಸಮಾಧಾನ. ಬಾರದೆ ಹೋದರೆ ಹಿರಿಯರೊಬ್ಬರು ಮೆಲ್ಲಗೆ ಹೇಳುತ್ತಾರೆ: "ಏನೋ ಆಸೆ ಉಳಿದಿರಬೇಕು. ನಡೆಸಿಕೊಡುತ್ತೇವೆ ಅಂತ ಹೇಳಿಕೊಳ್ಳಿ." ಆಗ ಮಗ ಮುಂದೆ ಬಂದು, ತಂಗಿಯ ಮದುವೆಯನ್ನು ನಾನು ನಿಂತು ಮಾಡುತ್ತೇನೆ ಎನ್ನುತ್ತಾನೆ, ಇನ್ನೊಬ್ಬ, ಅಡವಿಟ್ಟ ಗದ್ದೆಯನ್ನು ಬಿಡಿಸುತ್ತೇನೆ ಎನ್ನುತ್ತಾನೆ. ಸತ್ತವರ ಆಸೆ ಯಾವುದೆಂದು ಬದುಕಿರುವವರು ಊಹಿಸಿ ಊಹಿಸಿ ಹೇಳುತ್ತಾ ಹೋಗುವ ಆ ಹತ್ತು ನಿಮಿಷ, ನಾನು ಕಂಡ ಮಟ್ಟಿಗೆ, ಇಡೀ ಕರ್ಮದಲ್ಲಿ ಅತ್ಯಂತ ಪ್ರಾಮಾಣಿಕವಾದ ಹತ್ತು ನಿಮಿಷ. ಪುರೋಹಿತರೂ ಆಗ ಸುಮ್ಮನಿರುತ್ತಾರೆ.

ಈ ಕಾಗೆಯ ವಿಚಾರ ನನಗೆ ಈಚೆಗೆ ನೆನಪಾದದ್ದು ಒಂದು ವಿಚಿತ್ರ ಸಂದರ್ಭದಲ್ಲಿ. ಬೇಸಿಗೆಯ ರಜೆಗೆಂದು ಬಂದಿದ್ದ ನನ್ನ ಮೊಮ್ಮಗಳು ಗೋಡೆಗೆ ಒರಗಿ ಕುಳಿತು ಏನನ್ನೋ ನೋಡುತ್ತಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಹದಿನಾರು ವರ್ಷದ ಹುಡುಗಿ. ಗಾಬರಿಯಿಂದ ಹೋಗಿ ನೋಡಿದರೆ ಅವಳ ಕೈಯಲ್ಲಿದ್ದದ್ದು ಜಪಾನಿನ ಒಂದು ಅನಿಮೆ. ಎಂದರೆ ಕೈಯಿಂದ ಬರೆದ ಚಿತ್ರಗಳನ್ನು ಚಲಿಸುವಂತೆ ಮಾಡಿ ಕತೆ ಹೇಳುವ ಪ್ರಕಾರ. ದೊಡ್ಡ ಕಣ್ಣು, ಬಣ್ಣಬಣ್ಣದ ಕೂದಲಿನ ಈ ಬೊಂಬೆಗಳಿಗಾಗಿ ಅಳುವುದುಂಟೇ ಎಂದು ನಕ್ಕೆ. ಅವಳು ಕಣ್ಣೊರೆಸಿಕೊಂಡು, "ತಾತ, ಮೊದಲಿಂದ ನೋಡಿ, ಆಮೇಲೆ ನಗಿ" ಎಂದಳು. ಹನ್ನೊಂದು ಕಂತುಗಳು. ಮೂರು ಸಂಜೆ ಕುಳಿತು ನೋಡಿದೆ. ನಗು ಎರಡನೆಯ ಸಂಜೆಗೇ ನಿಂತಿತ್ತು.

ಆ ಕೃತಿಯ ಹೆಸರು ಉದ್ದವಾದದ್ದು. ಕನ್ನಡದಲ್ಲಿ ಹೇಳುವುದಾದರೆ 'ಅಂದು ಕಂಡ ಹೂವಿನ ಹೆಸರು ನಮಗಿನ್ನೂ ತಿಳಿಯದು' ಎಂದಾಗುತ್ತದೆ. ಜಪಾನಿನ ಪ್ರೇಕ್ಷಕರೇ ಅದನ್ನು ಚುಟುಕು ಮಾಡಿ 'ಅನೋಹಾನಾ', ಅಂದರೆ 'ಆ ಹೂ' ಎಂದು ಕರೆಯುತ್ತಾರೆ. ತತ್ಸುಯುಕಿ ನಾಗಾಯಿ ನಿರ್ದೇಶಿಸಿ, ಮಾರಿ ಒಕಾದ ಎಂಬ ಲೇಖಕಿ ಬರೆದ ಇದು 2011ರ ಏಪ್ರಿಲ್‌ನಿಂದ ಜೂನ್‌ವರೆಗೆ ಅಲ್ಲಿನ ದೂರದರ್ಶನದಲ್ಲಿ ಪ್ರಸಾರವಾಯಿತು. ಆ ವರ್ಷದ ಮಾರ್ಚ್ 11ರಂದು ಭೂಕಂಪವೂ ಕಡಲಿನ ಮಹಾಪೂರವೂ ಆ ದೇಶದ ಈಶಾನ್ಯ ಕರಾವಳಿಯನ್ನು ಕೊಚ್ಚಿಹಾಕಿದ್ದವು. ಕತೆಗೂ ಆ ದುರಂತಕ್ಕೂ ಸಂಬಂಧವಿಲ್ಲ. ಅದು ಮೊದಲೇ ಸಿದ್ಧವಾಗುತ್ತಿದ್ದ ಕತೆ. ಆದರೆ ನೀರಿನಲ್ಲಿ ಹೋದ ಮಗುವೊಂದರ ಕತೆಯನ್ನು ಆ ವಸಂತದಲ್ಲಿ ಅಲ್ಲಿಯ ಜನ ಯಾವ ಮನಸ್ಸಿನಿಂದ ನೋಡಿರಬಹುದೆಂದು ನಾನು ಆಗಾಗ ಯೋಚಿಸುತ್ತೇನೆ.

ಕತೆ ನಡೆಯುವುದು ಚಿಚಿಬು ಎಂಬ ಊರಿನಲ್ಲಿ. ಟೋಕಿಯೋದ ವಾಯವ್ಯಕ್ಕೆ, ಸೈತಾಮಾ ಪ್ರಾಂತದಲ್ಲಿ, ಸುತ್ತಲೂ ಬೆಟ್ಟಗಳು ಬೋಗುಣಿಯಂತೆ ಕವಿದಿರುವ ಸಣ್ಣ ಊರು. ಸುಣ್ಣಕಲ್ಲಿಗಾಗಿ ಒಂದು ಮಗ್ಗುಲನ್ನು ಮೆಟ್ಟಿಲು ಮೆಟ್ಟಿಲಾಗಿ ಕೆತ್ತಿಹಾಕಿರುವ ಬುಕೋ ಪರ್ವತ ಊರಿನ ನೆತ್ತಿಯ ಮೇಲೇ ನಿಂತಿದೆ. ಅರಾಕಾವಾ ನದಿ ಹರಿಯುತ್ತದೆ. ಕರುಣೆಯ ಬೋಧಿಸತ್ತ್ವನಾದ ಕನ್ನೋನನ ಮೂವತ್ತನಾಲ್ಕು ಗುಡಿಗಳ ಯಾತ್ರೆ ಅಲ್ಲಿ ಪ್ರಸಿದ್ಧ. ಆ ಗುಡಿಗಳಲ್ಲಿ ಹದಿನೇಳನೆಯದು, ಊರ ಹಳೆಯ ಸೇತುವೆ, ಬೀದಿ, ಮಳಿಗೆ ಎಲ್ಲವೂ ಇದ್ದದ್ದು ಇದ್ದಂತೆ ಚಿತ್ರದಲ್ಲಿ ಬಂದಿವೆ. ಒಕಾದ ಹುಟ್ಟಿ ಬೆಳೆದದ್ದು ಅಲ್ಲಿಯೇ. ಶಾಲೆಗೆ ಹೋಗಲಾರದೆ ವರ್ಷಗಟ್ಟಲೆ ಮನೆಯೊಳಗೇ ಕುಳಿತ ಹುಡುಗಿ ತಾನು ಎಂದು ಆಕೆ 2017ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅನೋಹಾನಾದ ನಾಯಕ ಜಿಂತಾನ್ ಶಾಲೆ ಬಿಟ್ಟು ಮನೆಯಲ್ಲಿ ಕುಳಿತ ಹುಡುಗನಾಗಿರುವುದು ಆಕಸ್ಮಿಕವಲ್ಲ.

ಆರು ಜನ ಗೆಳೆಯರು. ಕಾಡಿನಂಚಿನ ಒಂದು ಪಾಳು ಗುಡಿಸಲು ಅವರ ರಹಸ್ಯ ಠಾಣೆ. ತಮ್ಮ ತಂಡಕ್ಕೆ ಒಂದು ಭರ್ಜರಿ ಹೆಸರು ಬೇರೆ. ಒಂದು ದಿನ ಆ ಠಾಣೆಯಲ್ಲಿ ಅನಾರು ಎಂಬ ಹುಡುಗಿ, ಜಿಂತಾನನನ್ನು ಎಲ್ಲರೆದುರು ಕೇಳುತ್ತಾಳೆ: ನಿನಗೆ ಮೆನ್ಮಾ ಎಂದರೆ ಇಷ್ಟ ಅಲ್ಲವೇ? ನಾಚಿದ ಹುಡುಗ, ಅಂಥ ಕುರೂಪಿಯನ್ನು ಯಾರು ಮೆಚ್ಚುತ್ತಾರೆ ಎಂದು ಒದರಿ ಓಡಿಹೋಗುತ್ತಾನೆ. ಮೆನ್ಮಾ ನಗುತ್ತಾಳೆ. ಅದೇ ದಿನ, ಅವನನ್ನು ಹುಡುಕಿಕೊಂಡು ಹೋದ ಆ ಮಗು ಹೊಳೆಯ ದಡದಲ್ಲಿ ಜಾರಿ ಬಿದ್ದು ಸಾಯುತ್ತದೆ. ನಾಳೆ ಕ್ಷಮೆ ಕೇಳಿದರಾಯಿತು ಎಂದುಕೊಂಡಿದ್ದ ಹುಡುಗನಿಗೆ ಆ ನಾಳೆ ಬರಲೇ ಇಲ್ಲ.

ಕೆಲವು ವರ್ಷಗಳು ಕಳೆದಿವೆ. ಐವರೂ ಪ್ರೌಢಶಾಲೆಯ ವಯಸ್ಸಿಗೆ ಬಂದಿದ್ದಾರೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಒಂದು ಬೇಸಿಗೆಯ ಮಧ್ಯಾಹ್ನ ಮೆನ್ಮಾ ಜಿಂತಾನನ ಮನೆಯಲ್ಲಿ ಪ್ರತ್ಯಕ್ಷಳಾಗುತ್ತಾಳೆ. ಅವನೊಬ್ಬನಿಗೇ ಕಾಣುತ್ತಾಳೆ. ಸತ್ತಾಗಿನ ವಯಸ್ಸಿನಲ್ಲಲ್ಲ; ಅವರೊಂದಿಗೇ ಬೆಳೆದು, ಬದುಕಿದ್ದರೆ ಈಗ ಹೇಗಿರುತ್ತಿದ್ದಳೋ ಹಾಗೆ. ಈ ಒಂದು ಕಲ್ಪನೆಗಾಗಿ ನಾನು ಆ ಲೇಖಕಿಗೆ ಬಹಳಷ್ಟನ್ನು ಕ್ಷಮಿಸಬಲ್ಲೆ. ಬಾಲ್ಯದಲ್ಲಿ ಸತ್ತ ಗೆಳೆಯ ನಮ್ಮೊಳಗೆ ಹನ್ನೊಂದು ವರ್ಷದವನಾಗಿಯೇ ಉಳಿಯುತ್ತಾನೆಂದು ಹೇಳುವುದು ವಾಡಿಕೆ. ಅದು ಪೂರ್ತಿ ನಿಜವಲ್ಲ. ಅವನಿಗೂ ಮೀಸೆ ಬರುತ್ತದೆ, ಮದುವೆಯಾಗುತ್ತದೆ, ನಿವೃತ್ತಿಯಾಗುತ್ತದೆ. ನಾವೇ ಒಳಗೊಳಗೆ ಬೆಳೆಸುತ್ತಿರುತ್ತೇವೆ.

ಮೆನ್ಮಾಳಿಗೆ ಒಂದು ಆಸೆ ಇದೆ. ಅದು ನೆರವೇರಿದರೆ ಮಾತ್ರ ತಾನು ಹೋಗಬಲ್ಲೆ ಎನ್ನುತ್ತಾಳೆ. ಆದರೆ ಆ ಆಸೆ ಯಾವುದೆಂದು ಅವಳಿಗೇ ಮರೆತಿದೆ. ಇಲ್ಲಿ ನನಗೆ ಕಾಗೆ ನೆನಪಾದದ್ದು. ಜಪಾನೀಯರು ಇದಕ್ಕೆ ಬಳಸುವ ಮಾತು 'ಜೋಬುತ್ಸು'. ಅಕ್ಷರಶಃ 'ಬುದ್ಧನಾಗುವುದು', ಬಳಕೆಯಲ್ಲಿ ನಮ್ಮ ಸದ್ಗತಿ ಎಂಬುದಕ್ಕೆ ಹತ್ತಿರ. ಇಂಗ್ಲಿಷ್ ಓದಿದ ನಮ್ಮ ಹುಡುಗರು ಈಗ ಇಂಥದ್ದಕ್ಕೆಲ್ಲ 'ಕ್ಲೋಷರ್' ಎನ್ನುತ್ತಾರೆ, ಬಾಗಿಲು ಮುಚ್ಚುವುದು ಎಂಬಂತೆ. ನನಗೆ ಆ ಮಾತು ರುಚಿಸುವುದಿಲ್ಲ; ಅಂಗಡಿ ಮುಚ್ಚುವ ಹೊತ್ತಿನ ಮಾತಿನಂತೆ ಕೇಳಿಸುತ್ತದೆ. ಜೋಬುತ್ಸುವಿನಲ್ಲಾಗಲಿ ಸದ್ಗತಿಯಲ್ಲಾಗಲಿ ಯಾವುದೂ ಮುಚ್ಚುವುದಿಲ್ಲ, ಹೋಗಬೇಕಾದವರು ಹೋಗುತ್ತಾರೆ, ಅಷ್ಟೆ.

ಅತೃಪ್ತ ಆತ್ಮ ಬಂದು ತನ್ನ ಕತೆ ಹೇಳಿ ಬಿಡುಗಡೆ ಪಡೆಯುವುದು ಜಪಾನಿನ ರಂಗಭೂಮಿಗೆ ಹೊಸದೇನಲ್ಲ. ಝೆಯಾಮಿಯಿಂದ ನೋ ನಾಟಕ ರೂಪುಗೊಂಡದ್ದೇ ಇಂಥ ಕತೆಗಳ ಮೇಲೆ. ಅವನ ಮಗ ಮೊತೊಮಾಸಾ ಬರೆದ 'ಸುಮಿದಾಗಾವಾ' ಎಂಬ ನಾಟಕವಿದೆ. ಕಳೆದುಹೋದ ಮಗನನ್ನು ಹುಡುಕುತ್ತಾ ಬುದ್ಧಿ ಕದಡಿದ ತಾಯಿಯೊಬ್ಬಳು ಸುಮಿದಾ ನದಿಯನ್ನು ದಾಟಿ, ಆಚೆ ದಡದಲ್ಲಿ ಅವನ ಸಮಾಧಿಯ ದಿಬ್ಬವನ್ನು ಕಾಣುತ್ತಾಳೆ; ರಾತ್ರಿ ಮಗನ ಧ್ವನಿ ಕೇಳುತ್ತದೆ, ರೂಪ ಕಾಣುತ್ತದೆ; ಬೆಳಗಾದಾಗ ಹುಲ್ಲು ಬೆಳೆದ ದಿಬ್ಬವಷ್ಟೇ ಉಳಿಯುತ್ತದೆ. ಭೂಪಟ ತೆರೆದು ನೋಡಿದೆ: ಸುಮಿದಾ ಹೊಳೆ ಚಿಚಿಬುವಿನ ಅರಾಕಾವಾದಿಂದಲೇ ಕವಲೊಡೆದು ಟೋಕಿಯೋದ ಕೊಲ್ಲಿಗೆ ಸೇರುವುದು. ಲೇಖಕಿ ಇದನ್ನು ಎಣಿಸಿಯೇ ಬರೆದರೆನ್ನಲು ನನ್ನ ಬಳಿ ಆಧಾರವಿಲ್ಲ. ಆದರೆ ಒಂದು ವ್ಯತ್ಯಾಸ ಗಮನಾರ್ಹ. ನೋ ನಾಟಕದಲ್ಲಿ ಆತ್ಮದ ಕತೆಯನ್ನು ಕೇಳುವವನು ಸಾಮಾನ್ಯವಾಗಿ ಒಬ್ಬ ದಾರಿಹೋಕ ಸನ್ಯಾಸಿ. ಯಾವ ಋಣವೂ ಇಲ್ಲದವನು. ಇಲ್ಲವೇ ಸುಮಿದಾಗಾವಾದಂತೆ ಹೆತ್ತವಳು. ಗೆಳೆಯನಿಗೆ ಅಲ್ಲಿ ಜಾಗ ಕಡಿಮೆ. ಒಕಾದ ಆ ಜಾಗವನ್ನು ಐವರು ಗೆಳೆಯರಿಗೆ ಕೊಟ್ಟರು. ಅದೂ ಮೈಯೆಲ್ಲ ಋಣವಿರುವ ಗೆಳೆಯರಿಗೆ.

ಈಗ ನನ್ನ ವಿಷಯಕ್ಕೆ ಬರಬೇಕು. ತಪ್ಪಿಸಿಕೊಳ್ಳುತ್ತಾ ಬಂದಿದ್ದೇನೆ.

1966ನೆಯ ಇಸವಿ. ಮಲೆನಾಡಿನಂಚಿನ ಊರಿನಲ್ಲಿ ನಾವು ನಾಲ್ವರು ಹುಡುಗರು ಆರನೆಯ ತರಗತಿಯಲ್ಲಿದ್ದೆವು. ನಾಲ್ವರಲ್ಲೊಬ್ಬನಿಗೆ ಕಾಮಾಲೆಯಾಯಿತು. ಅವನ ಹೆಸರನ್ನು ಇಲ್ಲಿ ಹೇಳಲಾರೆ. ಅವನು ಮಲಗಿದ್ದ ಮೂರು ವಾರಗಳಲ್ಲಿ ನನ್ನ ತಾಯಿ ದಿನವೂ, "ಹೋಗಿ ನೋಡಿಕೊಂಡು ಬಾರೋ" ಎನ್ನುತ್ತಿದ್ದಳು. ನಾನು ಹೋಗಲಿಲ್ಲ. ಅವನ ಕೈವಾರ ನನ್ನ ಬಳಿ ಇತ್ತು. ಅದರ ಮುಳ್ಳನ್ನು ಮುರಿದುಬಿಟ್ಟಿದ್ದೆ. ಹೋದರೆ ಕೇಳುತ್ತಾನೆಂಬ ಭಯ. ಕಾರಣ ಅಷ್ಟೇ. ಒಂದು ಬೆಳಿಗ್ಗೆ ಅವನು ಹೋದನೆಂದು ಗೊತ್ತಾಯಿತು. ಶಾಲೆಗೆ ರಜೆ ಕೊಟ್ಟರು. ಅವನ ಮನೆಯ ಕಡೆ ಹೊರಟ ನನ್ನನ್ನು ಯಾರೋ ರಟ್ಟೆ ಹಿಡಿದು ಹಿಂದಕ್ಕೆ ಕಳಿಸಿದರು: "ಮಕ್ಕಳು ಅಲ್ಲಿಗೆ ಬರಬಾರದು."

ಅಪ್ಪ, ಅಣ್ಣ, ದಾಯಾದಿಗಳಿಗೆ ಇಷ್ಟಿಷ್ಟು ದಿನವೆಂದು ಸೂತಕದ ಲೆಕ್ಕವಿದೆ. ಎಂದೂ ಮುಖ ನೋಡದ ದೂರದ ದಾಯಾದಿಯೂ ಸ್ನಾನ ಮಾಡಬೇಕು. ನಮ್ಮ ಮನೆಗಳ ರೂಢಿಯಲ್ಲಿ ಗೆಳೆಯನಿಗೆ ಸೂತಕವಿಲ್ಲ. ಹನ್ನೊಂದು ವರ್ಷದ ಗೆಳೆಯನಿಗಂತೂ ಒಂದು ತಂಬಿಗೆ ನೀರೂ ಇಲ್ಲ. ಮರುದಿನ ಶಾಲೆ ನಡೆಯಿತು. ನಮ್ಮ ಬೆಂಚಿನಲ್ಲಿ ಸ್ಥಳ ಹೆಚ್ಚಾಯಿತು. ಉಳಿದ ಮೂವರು ಆ ವಿಷಯ ಮಾತಾಡಲೇ ಇಲ್ಲ. ಮುಂದಿನ ವರ್ಷದ ಹೊತ್ತಿಗೆ ಬೇರೆ ಯಾವ ವಿಷಯವನ್ನೂ ಮಾತಾಡುತ್ತಿರಲಿಲ್ಲ.

ಅನೋಹಾನಾದ ಐವರೂ ಹೀಗೆಯೇ ಚದುರಿದವರು. ತಮಗೆ ಯಾರೂ ಕೊಡದ ಕರ್ಮವೊಂದನ್ನು ತಾವೇ ಕಲ್ಪಿಸಿಕೊಳ್ಳಲು ಹೊರಡುವುದೇ ಕತೆ. ಮೆನ್ಮಾಳ ತಾಯಿಯಿಂದ ಹಳೆಯ ದಿನಚರಿ ಪುಸ್ತಕವನ್ನು ಪಡೆದು ಓದುತ್ತಾರೆ. ಜಿಂತಾನನ ತಾಯಿ ಆಗ ಆಸ್ಪತ್ರೆಯಲ್ಲಿದ್ದಳು. ಅವಳ ಆರೋಗ್ಯಕ್ಕಾಗಿ ದೇವರಿಗೆ ಒಂದು ಕಾಗದ ಬರೆದು ಬಾಣಬಿರುಸಿನಲ್ಲಿ ಆಕಾಶಕ್ಕೆ ಕಳಿಸಬೇಕೆಂದು ಆ ಮಕ್ಕಳು ಹಿಂದೆ ಹಂಚಿಕೆ ಹಾಕಿದ್ದರು. ಇದೇ ಆ ಆಸೆಯಿರಬೇಕು ಎಂದುಕೊಳ್ಳುತ್ತಾರೆ.

ಈ ಬಾಣಬಿರುಸು ಲೇಖಕಿ ಕಟ್ಟಿದ್ದಲ್ಲ. ಚಿಚಿಬುವಿನ ಯೋಶಿದಾ ಭಾಗದಲ್ಲಿ, ಮುಕು ದೇವಾಲಯದ ಜಾತ್ರೆಗೆ, ಪ್ರತಿವರ್ಷ ಅಕ್ಟೋಬರ್ ತಿಂಗಳ ಎರಡನೆಯ ಭಾನುವಾರ, ರೈತಾಪಿ ಜನ ಕೈಯಾರೆ ಮಾಡಿದ ರಾಕೆಟ್ಟುಗಳನ್ನು ಹಾರಿಸುತ್ತಾರೆ. ಅದಕ್ಕೆ 'ರ್ಯೂಸೇಯ್' ಎಂದು ಹೆಸರು. ಡ್ರ್ಯಾಗನ್ನಿನ ಆವೇಗ ಎಂದು ಅರ್ಥ. ಪೈನ್ ಮರವನ್ನು ಕೊರೆದು ಕೊಳವೆ ಮಾಡಿ, ಬಿದಿರಿನ ಪಟ್ಟಿ ಬಿಗಿದು, ಕರಿಮದ್ದು ಜಡಿದು, ಉದ್ದನೆಯ ಬಿದಿರುಗಳುವಿಗೆ ಕಟ್ಟಿ ಎತ್ತರದ ಅಟ್ಟಣೆಯಿಂದ ಬಿಡುತ್ತಾರೆ. ಒಂದೊಂದು ತಂಡಕ್ಕೂ ತನ್ನದೇ ಮದ್ದಿನ ಪಾಕ; ಹಾರಿಸುವ ಮುನ್ನ ಯಾರ ಹರಕೆ, ಯಾರ ಸೇವೆ ಎಂದು ಏರುದನಿಯಲ್ಲಿ ಸಾರುತ್ತಾರೆ. ಕೆಲವು ಮೇಲೇರಿ ಬಣ್ಣದ ಹೊಗೆ ಬಿಡುತ್ತವೆ, ಕೆಲವು ಅಟ್ಟಣೆಯಲ್ಲೇ ಸಿಡಿದು ಜನ ಹೋ ಎಂದು ಕೂಗುತ್ತಾರೆ. 2018ರಲ್ಲಿ ಜಪಾನ್ ಸರ್ಕಾರ ಇದನ್ನು ರಾಷ್ಟ್ರದ ಮುಖ್ಯ ಜಾನಪದ ಸಂಪತ್ತುಗಳಲ್ಲಿ ಒಂದೆಂದು ಪರಿಗಣಿಸಿತು. ಅನೋಹಾನಾ ಪ್ರಸಾರವಾದ ವರ್ಷವೇ, 2011ರ ಜಾತ್ರೆಯಲ್ಲಿ, ಆ ಕತೆಯ ಹೆಸರಿನಲ್ಲಿ ಒಂದು ರಾಕೆಟ್ಟು ಹಾರಿತು. ಊರಿನಿಂದ ಕತೆಗೆ ಹೋದದ್ದು ಕತೆಯಿಂದ ಊರಿಗೆ ಮರಳಿದ್ದು ಚೆಲುವಾದ ಸಂಗತಿ.

ಬಾಣಬಿರುಸಿನ ಹಣಕ್ಕಾಗಿ ಜಿಂತಾನ್ ಅಂಗಡಿಯಲ್ಲೂ ದುಡಿಯುತ್ತಾನೆ, ಮಣ್ಣು ಹೊರುವ ಕೂಲಿಗೂ ಹೋಗುತ್ತಾನೆ. ಮೆನ್ಮಾಳ ತಾಯಿ ಮಾತ್ರ ಸಿಡಿದೇಳುತ್ತಾಳೆ. ನೀವೆಲ್ಲ ಇಷ್ಟೆತ್ತರ ಬೆಳೆದು ನಿಂತಿದ್ದೀರಿ, ನನ್ನ ಮಗು ಮಾತ್ರ ಯಾಕೆ ಹಿಂದೆ ಉಳಿಯಿತು ಎಂಬುದು ಅವಳ ಸಿಟ್ಟಿನ ಸಾರ. ಆ ತಾಯಿಗೆ ಕತೆಯಲ್ಲಿ ನ್ಯಾಯ ಸಿಕ್ಕಿಲ್ಲವೆಂದು ನನ್ನ ಅಭಿಪ್ರಾಯ. ಒಂದು ಕಂತಿನಲ್ಲಿ ಅವಳನ್ನು ಕೂಗಿಸಿ, ಮುಂದೆ ಹುಡುಗರ ಕಣ್ಣೀರಿನಲ್ಲಿ ಮರೆತೇಬಿಡುತ್ತಾರೆ. ಗೆಳೆಯರಿಗೆ ಸೂತಕವಿಲ್ಲವೆಂದು ದೂರುವ ನಾನೇ ಈ ಮಾತನ್ನೂ ಹೇಳಬೇಕು.

ಬಾಣಬಿರುಸು ಆಕಾಶಕ್ಕೆ ಹೋಗುತ್ತದೆ. ಮೆನ್ಮಾ ಹೋಗುವುದಿಲ್ಲ. ಆಸೆ ಅದಾಗಿರಲಿಲ್ಲ. ಕಾಗೆ ಪಿಂಡವನ್ನು ಮುಟ್ಟಲಿಲ್ಲ, ಅಷ್ಟೆ.

ಆ ರಾತ್ರಿ ಗುಡಿಯ ಅಂಗಳದಲ್ಲಿ ಐವರೂ ಸೇರುತ್ತಾರೆ. ಇಡೀ ಕೃತಿಯಲ್ಲಿ ನಾನು ಅತ್ಯಂತ ಮೆಚ್ಚಿದ ಭಾಗ ಇದು. ಯಾಕೆ ಹೋಗಲಿಲ್ಲ ಎಂದು ಒಬ್ಬರನ್ನೊಬ್ಬರು ದೂರುತ್ತಾ ದೂರುತ್ತಾ ತಮ್ಮ ತಮ್ಮ ಹೊಟ್ಟೆಯೊಳಗಿನದನ್ನು ಕಕ್ಕುತ್ತಾರೆ. ಆ ದಿನ ನಾನು ಆ ಪ್ರಶ್ನೆ ಕೇಳದಿದ್ದರೆ ಅವಳು ಸಾಯುತ್ತಿರಲಿಲ್ಲ ಎಂದು ಅನಾರು ಅಂದುಕೊಂಡಿದ್ದಳು. ಯುಕಿಯಾತ್ಸು ಎಂಬ ಗಂಭೀರ ಹುಡುಗ ಆ ದಿನವೇ ಮೆನ್ಮಾಳಿಗೆ ಕೂದಲಿನ ಪಿನ್ನೊಂದನ್ನು ಕೊಡಹೋಗಿ ನಿರಾಕೃತನಾಗಿದ್ದ. ಅವನು ದುಃಖ ತಾಳಲಾರದೆ ರಾತ್ರಿ ಅವಳ ಹಾಗೆ ಬಿಳಿಯ ಲಂಗ, ಕೃತಕ ಕೂದಲು ತೊಟ್ಟು ಕಾಡಿನಲ್ಲಿ ಅಲೆಯುತ್ತಿದ್ದವನು. ಸದಾ ನಗಿಸುತ್ತಾ ದೇಶ ಸುತ್ತುತ್ತಿದ್ದ ಪೊಪ್ಪೊ ಎಂಬವನು ಅವಳು ಹೊಳೆಯಲ್ಲಿ ಹೋದದ್ದನ್ನು ಕಣ್ಣಾರೆ ಕಂಡು ಏನೂ ಮಾಡಲಾಗದೆ ನಿಂತಿದ್ದವನು. ಇದನ್ನು ಯಾರಿಗೂ ಹೇಳಿರಲಿಲ್ಲ. ಅವಳು ಬೇಗ ಹೋಗಲಿ ಎಂಬ ಬಯಕೆಯಲ್ಲೂ ಒಬ್ಬೊಬ್ಬರ ಸ್ವಾರ್ಥ ಬೆರೆತಿತ್ತು. ಪ್ರತಿಯೊಬ್ಬರೂ ಕೊಂದವನು ತಾನೊಬ್ಬನೇ ಎಂದು ಇಷ್ಟು ವರ್ಷ ನಂಬಿಕೊಂಡಿದ್ದರು. ಅಪರಾಧವನ್ನು ಹಂಚಿಕೊಂಡರೆ ಕಡಿಮೆಯಾಗುತ್ತದೆಂದು ಹೇಳಲಾರೆ. ಆದರೆ ಅದು ತನ್ನೊಬ್ಬನದೇ ಆಸ್ತಿಯಲ್ಲವೆಂದು ತಿಳಿದಾಗ ಮನುಷ್ಯನಿಗೆ ಒಂದು ರೀತಿಯ ಅವಮಾನವೂ ಆಗುತ್ತದೆ, ಬಿಡುಗಡೆಯೂ ಆಗುತ್ತದೆ. ಆ ಎರಡನ್ನೂ ಆ ಐದು ಮುಖಗಳಲ್ಲಿ ತೋರಿಸಿದ್ದಾರೆ.

ನಿಜವಾದ ಆಸೆ ಬೇರೆಯಿತ್ತು. ಸಾಯುವ ಮುನ್ನ ಜಿಂತಾನನ ತಾಯಿ ಮೆನ್ಮಾಳ ಬಳಿ ಕೊರಗಿದ್ದಳು: ನನ್ನ ಮಗ ಎಲ್ಲವನ್ನೂ ನುಂಗಿಕೊಳ್ಳುತ್ತಾನೆ, ಅಳುವುದೇ ಇಲ್ಲ ಎಂದು. ಅವನನ್ನು ಅಳಿಸುತ್ತೇನೆಂದು ಆ ಪುಟ್ಟ ಹುಡುಗಿ ಮಾತು ಕೊಟ್ಟಿದ್ದಳು. ಸತ್ತವಳ ಕೊನೆಯ ಆಸೆ ಬದುಕಿರುವವನ ಕಣ್ಣೀರು. ನಮ್ಮ ಹಿರಿಯರು ಕಾಗೆಯ ಮುಂದೆ ಎಷ್ಟೇ ಹೊತ್ತು ಊಹಿಸಿದರೂ ಇದನ್ನು ಊಹಿಸುತ್ತಿರಲಿಲ್ಲ.

ಕೊನೆಯಲ್ಲಿ ಅವಳು ಜಿಂತಾನನ ಕಣ್ಣಿಗೂ ಕಾಣದಾಗುತ್ತಾಳೆ. ಒಬ್ಬೊಬ್ಬರಿಗೂ ಪುಟ್ಟ ಕಾಗದ ಬರೆದಿಟ್ಟಿದ್ದಾಳೆ. ಅವರು ಅದನ್ನು ಕಣ್ಣಾಮುಚ್ಚಾಲೆಯ ಆಟವಾಗಿ ಮಾಡುತ್ತಾರೆ. ಜಪಾನಿನ ಮಕ್ಕಳು ಆ ಆಟದಲ್ಲಿ 'ಆಯಿತೇ?' ಎಂದು ಕೂಗುತ್ತಾರೆ, ಅಡಗುವವರು 'ಮಾದಾದಾಯೋ', ಇನ್ನೂ ಇಲ್ಲ, ಎನ್ನುತ್ತಾರೆ. ಅಕಿರಾ ಕುರೊಸಾವಾ 1993ರಲ್ಲಿ ತೆರೆಗೆ ತಂದ ತನ್ನ ಕಟ್ಟಕಡೆಯ ಚಿತ್ರಕ್ಕೆ ಇದೇ ಕೂಗನ್ನು ಹೆಸರಾಗಿಟ್ಟದ್ದು ಚಲನಚಿತ್ರಪ್ರಿಯರಿಗೆ ನೆನಪಿರಬಹುದು. ಬೆಳಗಿನ ಬಿಸಿಲು ಮರಗಳ ನಡುವೆ ಬೀಳುವಾಗ ಐವರಿಗೂ ಅವಳು ಕಾಣುತ್ತಾಳೆ. ಕಂಡೆವು ಎಂದು ಕೂಗುತ್ತಾರೆ. ಸಿಕ್ಕಿಬಿದ್ದವಳು ಹೋಗಲೇಬೇಕು, ಆಟದ ನಿಯಮ.

ಈ ಭಾಗದಲ್ಲಿ ಅಳು ಹೆಚ್ಚಾಯಿತು. ನೋ ನಾಟಕದ ನಟನಾದರೆ ಕೈಯನ್ನು ಮೆಲ್ಲಗೆ ಮುಖದ ಬಳಿಗೆ ತಂದು ನಿಲ್ಲಿಸುತ್ತಾನೆ, ಅಳು ಮುಗಿಯಿತು. ಇಲ್ಲಿ ಐದು ಗಂಟಲು ಹರಿಯುವಂತೆ ಕೂಗಿಸಿ, ಹಿನ್ನೆಲೆಯಲ್ಲಿ 2001ರ ಒಂದು ಜನಪ್ರಿಯ ಹಾಡನ್ನು ಬೇರೆ ಹೊಸದಾಗಿ ಹಾಡಿಸಿದ್ದಾರೆ. ಮೊಮ್ಮಗಳಿಗೆ ಇದನ್ನು ಹೇಳಿದೆ. "ನೀವೂ ಅಳ್ತಿದ್ದೀರಲ್ಲ" ಎಂದಳು. ಅದು ವಿಮರ್ಶೆಗೆ ಉತ್ತರವಾಗುವುದಿಲ್ಲವೆಂದು ಹೇಳಲು ಆಗ ನನ್ನ ಧ್ವನಿ ಸರಿಯಿರಲಿಲ್ಲ. ಇದೇ ತಂಡ ಮುಂದೆ 2015ರಲ್ಲೂ 2019ರಲ್ಲೂ ಚಿಚಿಬುವನ್ನೇ ಹಿನ್ನೆಲೆಯಾಗಿಟ್ಟುಕೊಂಡು ಎರಡು ಚಲನಚಿತ್ರಗಳನ್ನು ಮಾಡಿತಂತೆ. ಅವನ್ನು ನೋಡಲು ಇನ್ನೂ ಧೈರ್ಯ ಸಾಲದು.

ಮೂರನೆಯ ಸಂಜೆ ಮುಗಿದ ಮೇಲೆ, ನಮ್ಮ ನಾಲ್ವರಲ್ಲಿ ಈಗ ಉಳಿದಿರುವ ಇನ್ನೊಬ್ಬನಿಗೆ ದೂರವಾಣಿ ಮಾಡಿದೆ. ಮದುವೆ ಮುಂಜಿಗಳಲ್ಲಿ ಕಂಡರೆ ಕುಶಲ ಕೇಳುವಷ್ಟು ಮಾತ್ರ ನಮ್ಮ ಬಳಕೆ. ಅವನ ಹೆಸರೆತ್ತಿದೊಡನೆ ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಕೈವಾರದ ವಿಷಯ ಹೇಳಿದೆ. ಅವನೆಂದ: "ನಾನೂ ಹೋಗಿರಲಿಲ್ಲ ಕಣೋ. ಅಂಟುರೋಗ ಅಂತ ನಮ್ಮನೇಲಿ ಹೆದರಿಸಿದ್ದರು. ನೀನು ದಿನಾ ಹೋಗ್ತಿದ್ದೀಯ ಅಂದುಕೊಂಡಿದ್ದೆ. ಅದಕ್ಕೇ ನಿನ್ನ ಮುಖ ನೋಡೋಕೆ ಆಗ್ತಿರಲಿಲ್ಲ."

ಆಮೇಲೆ ಒಂದು ಗಂಟೆ ಮಾತಾಡಿದೆವು. ಅವನು ಕೊನೆಯ ದಿನ ಶಾಲೆಗೆ ಬಂದಾಗ ಹಾಕಿಕೊಂಡಿದ್ದ ಅಂಗಿ ನೀಲಿ ಎಂದು ನಾನು, ಅಲ್ಲ, ಹಳದಿ ಪಟ್ಟೆಯದು ಎಂದು ಅವನು. ಇಬ್ಬರೂ ಬಿಟ್ಟುಕೊಡಲಿಲ್ಲ. ಗೆಳೆಯನ ತಂಗಿ ಇನ್ನೂ ಆ ಊರಿನಲ್ಲಿಯೇ ಇದ್ದಾಳಂತೆ. ಅಂಗಿಯ ಬಣ್ಣ ಅವಳಿಗೆ ನೆನಪಿರಬಹುದು, ಒಮ್ಮೆ ಇಬ್ಬರೂ ಹೋಗಿ ಕೇಳೋಣ ಎಂದು ಮಾತಾಗಿದೆ. ಮಳೆಗಾಲ ಕಳೆದ ಮೇಲೆ ಹೊರಡುತ್ತೇವೆ. ಕೈವಾರ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.